ಭಾವ, ಆ ಎರಡನೇ ರಾತ್ರಿಗೆ

ಆಪರೇಷನ್ ಆದಮೇಲೆ ಮೊನ್ನೆ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಇಳಿದೆ. ಅದಕ್ಕೇ ಈ ಬರಹ. ಏನಾಯ್ತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ರಕ್ತ ಕೊಟ್ಟ ಆಫೀಸಿನ ಗೆಳೆಯರು, ದಿನಾ ಗಂಜಿ ಕಳಿಸಿದ ಕೆಳಮನೆ ಆಂಟಿ, ಕೇಳಿದ ತಕ್ಷಣ ರಜೆ ಕೊಟ್ಟ ಮೇಡಂ, ಎಲ್ಲರಿಗೂ ಕೈಮುಗಿದು ಧನ್ಯವಾದ.

ಇನ್ನು ಭಾವ.

ನಮ್ಮಿಬ್ಬರ ಜಗಳ ಅಕ್ಕನ ಮದುವೆಯಷ್ಟೇ ಹಳೇದು. ಅದರ ಮೂಲ 1987ರ ಮಾರ್ಚ್ 29ರ ರೆಸಲ್‌ಮೇನಿಯಾ 3, ಗೆಲುವು-ಸೋಲು ಮೊದಲೇ ಗೊತ್ತುಮಾಡಿ ಆಡುವ ಅಮೆರಿಕದ ಕುಸ್ತಿ ಪ್ರದರ್ಶನ. ನನಗೆ ಅದು ಹಲ್ಕ್ ಹೋಗನ್, ಆಂಡ್ರೆ ದಿ ಜೈಂಟ್‌ನನ್ನು ಎತ್ತಿ ಒಗೆದ ದಿನ. ಭಾವನಿಗೆ ಅದಕ್ಕೂ ಮೊದಲು ನಡೆದ ರಿಕಿ ಸ್ಟೀಮ್‌ಬೋಟ್, ರ‍್ಯಾಂಡಿ ಸ್ಯಾವೇಜ್ ಪಂದ್ಯ. ಹದಿನೈದು ನಿಮಿಷವೂ ಇಲ್ಲ. ಆದರೆ ಇಬ್ಬರೂ ಪ್ರತಿ ಪಟ್ಟನ್ನೂ ಬರೆದಿಟ್ಟುಕೊಂಡು, ಪಾಠದ ಹಾಗೆ ಒಬ್ಬರಿಗೊಬ್ಬರು ಒಪ್ಪಿಸಿದ್ದರಂತೆ. ‘ಜನ ಕೂಗಿದ್ದು ಹೋಗನ್‌ಗೆ, ಕುಸ್ತಿ ಆಡಿದ್ದು ಇವರು’ ಅನ್ನೋರು ಭಾವ. ನಾನು ಒಪ್ಪುತ್ತಿರಲಿಲ್ಲ. ಚಿಕ್ಕವನಿದ್ದಾಗ ಆಡಿದ, ಈ ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡಿನಲ್ಲಿ ಎತ್ತರ, ತೂಕ, ಎದೆ, ಬೈಸೆಪ್ಸ್ ಇರುತ್ತಿತ್ತು. ಹಿಡಿಯುವ, ಬೀಳುವ ಕಲೆಗೆ ಜಾಗವೇ ಇರಲಿಲ್ಲ, ಅಲ್ವಾ?

ಆಪರೇಷನ್ ಆದ ಎರಡನೇ ರಾತ್ರಿಯ ವಿಷಯ ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. ಆ ರಾತ್ರಿ ನನಗೆ ಬದುಕೇ ಸಾಕು ಅನ್ನಿಸಿತ್ತು. ಗೋಡೆ ಕಡೆ ಮುಖ ಮಾಡಿ ಅತ್ತೆ. ಭಾವ ಸಮಾಧಾನದ ಒಂದು ಮಾತೂ ಆಡಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ‘ನಿನ್ನ ಹೋಗನ್ ಹೇಗೆ ಗೆದ್ದ ಗೊತ್ತಾ?’ ಅಂತ ಮೆಲ್ಲಗೆ ಶುರು ಮಾಡಿದರು. ಆಂಡ್ರೆಗೆ ಆಗ ವಿಪರೀತ ಬೆನ್ನುನೋವು. ಬಟ್ಟೆಯೊಳಗೆ ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ರಿಂಗಿಗೆ ಬಂದಿದ್ದ. ಅಷ್ಟು ದೊಡ್ಡ ದೇಹವನ್ನು, ಅವನು ಮನಸ್ಸು ಮಾಡದಿದ್ದರೆ, ಯಾರಿಗೂ ಎತ್ತಲು ಆಗುತ್ತಿರಲಿಲ್ಲ. ಆ ನೋವಿನಲ್ಲೇ ಅವನು ಮೈ ಬಿಟ್ಟುಕೊಟ್ಟ.

ಎರಡು ಗಂಟೆಗೊಮ್ಮೆ ನನ್ನ ಮಗ್ಗುಲು ಬದಲಿಸಬೇಕಿತ್ತು. ನರ್ಸ್ ತೋರಿಸಿದ್ದನ್ನು ಭಾವ ಒಂದೇ ಸಲಕ್ಕೆ ಕಲಿತರು. ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಸೊಂಟಕ್ಕೆ. ‘ಈಗ ಉಸಿರು ಬಿಡು’ ಅನ್ನೋರು. ತಿರುಗಿದ್ದೇ ಗೊತ್ತಾಗುತ್ತಿರಲಿಲ್ಲ. ರಿಂಗಿನಲ್ಲಿ ಎತ್ತಿ ಒಗೆಯುವವನ ನಿಜವಾದ ಕೆಲಸ ಬೀಳುವವನ ಕತ್ತು ಕಾಯೋದು ಅಂತ ಅವರು ಎಷ್ಟೋ ಸಲ ಹೇಳಿದ್ದರು. ನನಗೆ ಅರ್ಥವಾಗಿದ್ದು ಅವರ ಅಂಗೈ ನನ್ನ ಕತ್ತಿನ ಕೆಳಗಿದ್ದಾಗ. ಬೆಳಗಾಗುವವರೆಗೂ ಅವರು ಕಣ್ಣು ಮುಚ್ಚಲಿಲ್ಲ.

ಭಾವ, ಭಾನುವಾರ ಅಕ್ಕನನ್ನೂ ಕರ್ಕೊಂಡು ಬನ್ನಿ. ಸ್ಟೀಮ್‌ಬೋಟ್ ಪಂದ್ಯ ಪೂರ್ತಿ ನೋಡೋಣ, ನಡುವೆ ಒಂದು ಮಾತೂ ಆಡಲ್ಲ. ಆಮೇಲೆ ಹೋಗನ್ ಎತ್ತುವಾಗ ಮಾತ್ರ ನಾನು ಕೂಗೇ ಕೂಗುತ್ತೇನೆ. ಈ ಸಲ ಆಂಡ್ರೆಗೂ ಸೇರಿಸಿ.