ಕಪ್ಪೆಯನ್ನು ಸೀಳುವುದು ನಿಂತಿತು, ಹೋಲಿಸುವುದು ನಿಲ್ಲಬಾರದು

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗಳು ಈ ವರ್ಷ ಮುಂಬಯಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಪ್ರಾಣಿಶಾಸ್ತ್ರಕ್ಕೆ ಸೇರಿದ್ದಾಳೆ. ಮೊನ್ನೆ ಅವಳ ಜರ್ನಲ್ ತಿರುವಿಹಾಕುತ್ತಿದ್ದಾಗ ಕಪ್ಪೆಯ ಹೃದಯದ ಚಿತ್ರ ಕಣ್ಣಿಗೆ ಬಿತ್ತು. ಗೆರೆಗಳು ಅಚ್ಚುಕಟ್ಟಾಗಿದ್ದವು, ಹೆಸರುಗಳಲ್ಲಿ ಒಂದೂ ತಪ್ಪಿರಲಿಲ್ಲ. "ಮೀನಿಗೆ ಎರಡು ಕೋಣೆ, ನಮಗೆ ನಾಲ್ಕು, ಇದಕ್ಕೇಕೆ ಮೂರು?" ಎಂದು ಕೇಳಿದೆ. "ಅದರದು ಇನ್ನೂ ಪೂರ್ತಿ ಬೆಳೆಯದ ಹೃದಯ ಅಜ್ಜಿ" ಎಂದಳು. ಡೊಂಬಿವಲಿಯಿಂದ ಲೋಕಲ್ ಹಿಡಿದು ಹೋಗಿ ಮೂವತ್ತು ವರ್ಷ ಇದೇ ಪಾಠ ಹೇಳಿದ ನನಗೆ ಆ ಉತ್ತರ ಕೇಳಿ ಸಂಕಟವಾಯಿತು. ತಪ್ಪು ಅವಳದಲ್ಲ. ಅವಳು ಕಪ್ಪೆಯನ್ನು ಕಂಪ್ಯೂಟರ್ ಪರದೆಯ ಮೇಲೆ ಒಂದು ಸಲ ನೋಡಿದ್ದಾಳೆ, ಬೇರಾವ ಪ್ರಾಣಿಯ ಪಕ್ಕದಲ್ಲೂ ಇಟ್ಟು ನೋಡಿಲ್ಲ.

ನಮ್ಮ ಕಾಲದಲ್ಲಿ ಹಾಗಿರಲಿಲ್ಲ. ಕ್ಲೋರೋಫಾರ್ಮ್ ಕೊಟ್ಟ ಕಪ್ಪೆಯನ್ನು ಮೇಣದ ಟ್ರೇಯಲ್ಲಿ ಅಂಗಾತ ಮಲಗಿಸಿ, ಕೈಕಾಲುಗಳಿಗೆ ಓರೆಯಾಗಿ ಪಿನ್ ಚುಚ್ಚಿ, ಹೊಟ್ಟೆಯ ನಟ್ಟನಡುವೆ ಹಾಯುವ ರಕ್ತನಾಳ ತುಂಡಾಗದಂತೆ ಸ್ವಲ್ಪ ಪಕ್ಕಕ್ಕೆ ಸರಿದು ಕತ್ತರಿ ಆಡಿಸಬೇಕಿತ್ತು. ಕೈ ತಪ್ಪಿದರೆ ಟ್ರೇ ಪೂರ್ತಿ ಕೆಂಪು. ನೀರು ಹೊಯ್ದಾಗ ಅಂಗಗಳು ಮೆಲ್ಲಗೆ ತೇಲಿ ಬೇರೆಬೇರೆಯಾಗಿ ಕಾಣುತ್ತಿದ್ದವು, ಅವುಗಳ ನಡುವೆ ಹೃದಯ ಇನ್ನೂ ಮಿಡಿಯುತ್ತಲೇ ಇರುತ್ತಿತ್ತು. ಮೊದಲ ದಿನ ಆ ಮಿಡಿತ ನೋಡಿ ನಾನು ಕಲಿತದ್ದು ಬಹಳ, ಆ ರಾತ್ರಿ ನನಗೆ ಊಟ ಸೇರಲಿಲ್ಲ ಎಂಬುದೂ ಅಷ್ಟೇ ನಿಜ.

ಆದ್ದರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ 2014ರಲ್ಲಿ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳನ್ನು ಸೀಳಿ ನೋಡುವುದನ್ನು ನಿಲ್ಲಿಸಿದ್ದನ್ನು ನಾನು ಮನಸಾರೆ ಒಪ್ಪುತ್ತೇನೆ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳೆಂಬ ಅತಿ ಸೂಕ್ಷ್ಮ ರಕ್ತನಾಳಗಳನ್ನು ಕಂಡದ್ದು ಜಗತ್ತಿಗೆ ಹೊಸತು. ನಾವು ವರ್ಷವರ್ಷವೂ ಕಾಣುತ್ತಿದ್ದುದು ಪುಸ್ತಕದಲ್ಲಿ ಮೊದಲೇ ಅಚ್ಚಾಗಿದ್ದನ್ನು. ಅದಕ್ಕಾಗಿ ಗದ್ದೆಗಳಿಂದ ಹಿಡಿದು ತಂದ ಕಪ್ಪೆಗಳು ಸಾಯಬೇಕಾಗಿರಲಿಲ್ಲ. ಕಪ್ಪೆ ಕಾಲುಗಳ ರಫ್ತನ್ನೇ ದೇಶ 1987ರಲ್ಲಿ ನಿಲ್ಲಿಸಿತ್ತು.

ನನ್ನ ಆಕ್ಷೇಪ ಬೇರೆ. ಕತ್ತರಿಯನ್ನು ಎತ್ತಿಟ್ಟ ದಿನವೇ ಅನೇಕ ಕಾಲೇಜುಗಳು ಹೋಲಿಕೆಯನ್ನೂ ಎತ್ತಿಟ್ಟವು. ತುಲನಾತ್ಮಕ ಅಂಗರಚನಾಶಾಸ್ತ್ರದ ಜೀವ ಇರುವುದು ಸೀಳುವುದರಲ್ಲಲ್ಲ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು "ಇದು ಹೀಗೇಕೆ, ಅದು ಹಾಗೇಕೆ" ಎಂದು ಕೇಳುವುದರಲ್ಲಿ. ಆ ಮೂರು ಕೋಣೆಗಳನ್ನೇ ನೋಡಿ. ಕಪ್ಪೆ ಶ್ವಾಸಕೋಶದಿಂದಷ್ಟೇ ಅಲ್ಲ, ತನ್ನ ಒದ್ದೆ ಚರ್ಮದಿಂದಲೂ ಉಸಿರಾಡುತ್ತದೆ. ಶ್ವಾಸಕೋಶದಿಂದ ಬಂದ ರಕ್ತ ಎಡ ಹೃತ್ಕರ್ಣವನ್ನು, ಅಂದರೆ ರಕ್ತವನ್ನು ಬರಮಾಡಿಕೊಳ್ಳುವ ಎರಡು ಕೋಣೆಗಳಲ್ಲಿ ಎಡಗಡೆಯದನ್ನು, ಸೇರಿದರೆ, ಚರ್ಮದಲ್ಲಿ ಆಮ್ಲಜನಕ ಪಡೆದ ರಕ್ತ ಮೈಯಿಂದ ಮರಳುವ ರಕ್ತದೊಡನೆ ಬೆರೆತು ಬಲ ಹೃತ್ಕರ್ಣಕ್ಕೆ ಬರುತ್ತದೆ. ಎರಡೂ ಇಳಿಯುವುದು ರಕ್ತವನ್ನು ಹೊರಕ್ಕೆ ತಳ್ಳುವ ಮೂರನೆಯ ಕೋಣೆಗೆ, ಒಂದೇ ಹೃತ್ಕುಕ್ಷಿಗೆ. ಕಪ್ಪೆ ನೀರಿನೊಳಗೆ ಮುಳುಗಿದ್ದಾಗ ಶ್ವಾಸಕೋಶಕ್ಕೆ ಕೆಲಸವಿಲ್ಲ. ಹೃತ್ಕುಕ್ಷಿಯ ನಡುವೆ ನಮ್ಮಲ್ಲಿರುವಂತೆ ಗೋಡೆ ಇದ್ದಿದ್ದರೆ, ಸುಮ್ಮನಿರುವ ಆ ಶ್ವಾಸಕೋಶದ ಮೂಲಕವೇ ರಕ್ತವನ್ನೆಲ್ಲ ಸುತ್ತಿಸಬೇಕಾಗುತ್ತಿತ್ತು. ಗೋಡೆ ಇಲ್ಲದ್ದರಿಂದ ರಕ್ತವನ್ನು ಬೇಕಾದ ಕಡೆಗೆ ತಿರುಗಿಸುವ ಅನುಕೂಲ ಅದಕ್ಕಿದೆ. ಎರಡು ಬಗೆಯ ಬಾಳಿಗೆ ಹೊಂದಿಕೊಂಡ ಇಂಥ ಹೃದಯವನ್ನು ಮಕ್ಕಳು "ಪೂರ್ತಿ ಬೆಳೆಯದ್ದು" ಎಂದು ಬರೆದು ಅಂಕ ಪಡೆಯುತ್ತಿದ್ದಾರಲ್ಲ, ಅದು ನನಗೆ ಸಹಿಸಲಾಗದ ಮಾತು.

ಇದನ್ನು ಕಲಿಸಲು ಒಂದು ಜೀವವನ್ನೂ ಕೊಲ್ಲಬೇಕಿಲ್ಲ. ಹಳೆಯ ಕಾಲೇಜುಗಳ ಗಾಜಿನ ಕಪಾಟುಗಳಲ್ಲಿ ಕಪ್ಪೆ, ಉಡ, ಕೋಳಿ, ಮೊಲಗಳ ಅಸ್ಥಿಪಂಜರಗಳು ಧೂಳು ತಿನ್ನುತ್ತಿವೆ. ನಾಲ್ಕನ್ನೂ ಒಂದೇ ಮೇಜಿನ ಮೇಲಿಡಿ. ಮೊಲದ ಮುಂಗೈಯಲ್ಲಿ ಬೇರೆಬೇರೆಯಾಗಿರುವ ಎರಡು ಎಲುಬುಗಳು ಕಪ್ಪೆಯಲ್ಲಿ ಬೆಸೆದು ಒಂದಾಗಿರುವುದನ್ನು ವಿದ್ಯಾರ್ಥಿ ತಾನೇ ಮುಟ್ಟಿ ನೋಡಲಿ. ಅಷ್ಟು ದೂರ ಹಾರಿ ಮುಂಗಾಲೂರಿ ಇಳಿಯುವ ಪ್ರಾಣಿಗೆ ಅದು ಎಂಥ ಆಸರೆ ಎಂದು ಆಮೇಲೆ ಕೇಳಿ. ಹೃದಯದ ಪಾಠಕ್ಕೆ ಮಾಂಸದಂಗಡಿಯಿಂದ ಕುರಿಯ ಹೃದಯ, ಮೀನು ಸ್ವಚ್ಛ ಮಾಡುವಾಗ ಹೊರಗೆ ಹಾಕುವ ಭಾಗದಿಂದ ಬಂಗುಡೆಯ ಹೃದಯ ಸಿಗುತ್ತವೆ. ಕುರಿಯದರಲ್ಲಿ ಎಡಗೋಡೆ ಬಲಗೋಡೆಗಿಂತ ಎಷ್ಟು ದಪ್ಪ ಎಂಬುದು ಬೆರಳಿಗೇ ತಿಳಿಯುತ್ತದೆ. ಯಾವ ಪರದೆಯೂ ಅದನ್ನು ತಿಳಿಸಲಾರದು. ಮಾಂಸ ಮುಟ್ಟಲು ಮನಸ್ಸಿಲ್ಲದ ಮಕ್ಕಳನ್ನು ಒತ್ತಾಯಿಸಬಾರದು, ಅವರಿಗೆ ಮಣ್ಣಿನ ಮಾದರಿಗಳು ಸಾಕು.

ಇನ್ನು ಕಪ್ಪೆ. ಮಳೆಗಾಲದ ಒಂದು ಸಂಜೆ ವಿದ್ಯಾರ್ಥಿಗಳನ್ನು ಬದಲಾಪುರದ ಕಡೆಯ ಗದ್ದೆಯಂಚಿಗೆ ಕರೆದೊಯ್ಯಿರಿ ಎಂದು ನಮ್ಮ ಅಧ್ಯಾಪಕರಲ್ಲಿ ಕೈಮುಗಿದು ಕೇಳುತ್ತೇನೆ. ಹಿಡಿಯುವುದು ಬೇಡ, ಟಾರ್ಚ್ ಬೆಳಕಿನಲ್ಲಿ ದೂರದಿಂದ ಅದರ ಗಂಟಲನ್ನು ನೋಡಲಿ. ಕಪ್ಪೆಗೆ ನಮ್ಮಂಥ ಪಕ್ಕೆಲುಬಿನ ಗೂಡಿಲ್ಲ, ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆಯಾದ ವಪೆಯೂ ಇಲ್ಲ. ಮೂಗಿನ ಹೊಳ್ಳೆ ಮುಚ್ಚಿ, ಬಾಯಿಯ ತಳವನ್ನು ಮೇಲೆತ್ತಿ, ಗಾಳಿಯನ್ನು ಒಳಕ್ಕೆ ತಳ್ಳಿಕೊಳ್ಳುತ್ತದೆ. ಆ ಗಂಟಲು ಏರಿಳಿಯುವುದನ್ನು ನೋಡುತ್ತಾ ಪ್ರತಿಯೊಬ್ಬರೂ ತಮ್ಮ ಪಕ್ಕೆಗಳ ಮೇಲೆ ಕೈಯಿಟ್ಟುಕೊಂಡು ನಾಲ್ಕು ಸಲ ಉಸಿರೆಳೆದುಕೊಳ್ಳಲಿ, ಜರ್ನಲ್ ಬರೆಯುವುದು ಮರುದಿನಕ್ಕಿರಲಿ.

ಇತಿ,
ಒಬ್ಬ ನಿವೃತ್ತ ಜೀವಶಾಸ್ತ್ರ ಅಧ್ಯಾಪಕಿ,
ಡೊಂಬಿವಲಿ