ಆರು ದಿನಗಳಲ್ಲಿ ಐದು ಪಂದ್ಯ

ಪ್ರಿಯ ಗೆಳೆಯ,

ಕಳೆದ ಸಲ ಮಾತಿನ ನಡುವೆ ಸೆವಾನಿ ಎಂಬ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಹೆಸರೆತ್ತಿ ಅರ್ಧಕ್ಕೇ ಬಿಟ್ಟಿದ್ದೆ. ಅದನ್ನು ನಿನಗೆ ಪೂರ್ತಿ ಹೇಳದೆ ನನಗೆ ಸಮಾಧಾನವಿಲ್ಲ.

ಟೆನೆಸ್ಸಿ ರಾಜ್ಯದ ಕಂಬರ್ಲೆಂಡ್ ಪ್ರಸ್ಥಭೂಮಿಯ ಮೇಲೆ ಎಪಿಸ್ಕೋಪಲ್ ಚರ್ಚಿನವರು ಕಟ್ಟಿದ ಸಣ್ಣ ವಿದ್ಯಾಸಂಸ್ಥೆ ಸೆವಾನಿ. ಅಧಿಕೃತ ಹೆಸರು ಯೂನಿವರ್ಸಿಟಿ ಆಫ್ ದಿ ಸೌತ್. 1899ರಲ್ಲಿ ಟಿಕೆಟ್ ಹಣದ ಹಂಚಿಕೆಯ ಬಗ್ಗೆ ತಕರಾರಾಗಿ ನೆರೆಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆಗಿನ ಪಂದ್ಯ ನಿಂತುಹೋಯಿತು. ಕೈತಪ್ಪಿದ ಆದಾಯವನ್ನು ತುಂಬಿಕೊಳ್ಳಲು ತಂಡದ ವಿದ್ಯಾರ್ಥಿ ವ್ಯವಸ್ಥಾಪಕ ಲ್ಯೂಕ್ ಲೀ ಹೂಡಿದ ಉಪಾಯವೇ ಬೇರೆ ವಿಶ್ವವಿದ್ಯಾಲಯಗಳ ತಂಡಗಳನ್ನು ಎದುರಿಸಲು ಹೊರಟ ರೈಲು ಯಾತ್ರೆ: ನವೆಂಬರ್ 9ರಂದು ಆಸ್ಟಿನ್‌ನಲ್ಲಿ ಟೆಕ್ಸಾಸ್, ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ, ಅದರ ಮರುದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್, ಭಾನುವಾರ ಬಿಡುವು, 13ರಂದು ಲೂಸಿಯಾನಾ, 14ರಂದು ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ. ಐದನ್ನೂ ಗೆದ್ದರು, ಐದರಲ್ಲೂ ಎದುರಾಳಿಗಳಿಗೆ ಒಂದೇ ಒಂದು ಅಂಕ ಸಿಗಲಿಲ್ಲ.

ಇದು ಎಂಥ ಸಾಹಸವೆಂದು ತಿಳಿಯಬೇಕಾದರೆ ಆಗಿನ ಆಟ ಹೇಗಿತ್ತೆಂಬುದನ್ನು ನೋಡಬೇಕು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತದ್ದು 1906ರಲ್ಲಿ. ಅದಕ್ಕೂ ಮೊದಲು ಮೂರು ಯತ್ನಗಳಲ್ಲಿ ಐದು ಗಜ ಮುಂದೆ ಸಾಗಬೇಕಿತ್ತು, ಹೀಗಾಗಿ ಗುಂಪುಗೂಡಿ ಮೈಗೆ ಮೈ ಕೊಟ್ಟು ನುಗ್ಗುವುದೇ ಆಟವಾಗಿತ್ತು. ಒಮ್ಮೆ ಮೈದಾನ ಬಿಟ್ಟು ಹೊರಬಂದವನು ಆ ಪಂದ್ಯಕ್ಕೆ ಮರಳುವಂತಿರಲಿಲ್ಲ. ಆದ್ದರಿಂದ ಪೆಟ್ಟು ಬಿದ್ದರೂ ಹಲ್ಲುಕಚ್ಚಿ ನಿಲ್ಲುತ್ತಿದ್ದರು. ಹಾಗೆ ಜಜ್ಜಿದ ಮೈಯನ್ನು ರಾತ್ರಿಯ ರೈಲಿನಲ್ಲಿ ಕುಲುಕಾಡಿಸಿಕೊಂಡು ಹೋಗಿ, ಮರುದಿನ ಹೊಸ ಊರಿನಲ್ಲಿ, ರಾತ್ರಿಯೆಲ್ಲ ನಿದ್ದೆ ಮಾಡಿ ಬಂದ ಎದುರಾಳಿಗಳ ಮುಂದೆ ಇಳಿಯುವುದನ್ನು ಕಲ್ಪಿಸಿಕೋ.

ಊರೂರಿನ ನೀರು ಕುಡಿದು ಹುಡುಗರು ಕಾಯಿಲೆ ಬೀಳಬಾರದೆಂದು ತಮ್ಮ ಬೆಟ್ಟದ ಒರತೆಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿ ರೈಲಿಗೇರಿಸಿದ್ದರು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಆಪ್ತವಾದದ್ದು ಆ ನೀರಿನ ಪೀಪಾಯಿಗಳೇ. ಗೆಲುವಿನ ಅಂಕಗಳನ್ನು ಯಾರಾದರೂ ಬರೆದಿಡುತ್ತಾರೆ. ಹೊರಡುವ ಮುನ್ನ ಕುಡಿಯುವ ನೀರಿನ ಬಗ್ಗೆ ಯೋಚಿಸಿದವರ ಕಾಳಜಿ ಮಾತ್ರ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಆ ಋತುವಿನ 12 ಪಂದ್ಯಗಳನ್ನೂ ಅವರೇ ಗೆದ್ದರು. ಒಟ್ಟು 322 ಅಂಕ ಗಳಿಸಿ ಬಿಟ್ಟುಕೊಟ್ಟದ್ದು ಹತ್ತೇ ಅಂಕ, ಅದೂ ಜಾನ್ ಹೈಸ್‌ಮನ್ ತರಬೇತಿಯ ಆಬರ್ನ್ ತಂಡಕ್ಕೆ ಮಾತ್ರ. ಆ ಪಂದ್ಯದಲ್ಲಿ 11–10ರಿಂದ ಪಾರಾದರು. ಲ್ಯೂಕ್ ಲೀ ಮುಂದೆ ಅಮೆರಿಕದ ಸೆನೆಟ್ ಸದಸ್ಯನಾದ. ತಂಡದ ಬಲಶಾಲಿ ಆಟಗಾರ ಆರ್ಮಂಡ್ ಸಿಮ್‌ಕಿನ್ಸ್‌ನ ವಿಷಯ ಬರೆಯಲು ಕೈ ತಡೆಯುತ್ತದೆ. ಆಟದಲ್ಲಿ ತಗುಲಿದ ಪೆಟ್ಟುಗಳಿಂದಾಗಿ ಮುಂದೆ ಅವನ ಎರಡೂ ಕಾಲುಗಳನ್ನು ಕತ್ತರಿಸಬೇಕಾಯಿತು.

ನಿನ್ನ ಗೆಳೆಯ