ಮುಖವಾಡಕ್ಕೂ ಬಣ್ಣವಿದೆ

ಪ್ರೀತಿಯ ಗೆಳೆಯಾ,

ರ‍್ಯಾಪ್ ಕೇಳುವಾಗ ಹಾಡುವವನ ಬಣ್ಣ ನಮಗೇಕೆ ಬೇಕು, ಕಿವಿಗೆ ಬಿದ್ದ ದನಿ ಸಾಲದೆ ಎಂದು ಕೇಳಿದ್ದೀಯ. ಲೋಹದ ಮುಖವಾಡ ತೊಟ್ಟು ಹಾಡಿದ ಎಂ.ಎಫ್. ಡೂಮ್‌ನನ್ನು ಸಾಕ್ಷಿಗೂ ಕರೆದಿದ್ದೀಯ. ನನಗೇನೋ ಆ ಸಾಕ್ಷಿ ನಿನ್ನ ವಿರುದ್ಧವೇ ನುಡಿಯುತ್ತಾನೆ ಅನ್ನಿಸುತ್ತದೆ.

ಲಂಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಬೆಳೆದ ಡೂಮ್, ನಿಜಹೆಸರು ಡೇನಿಯಲ್ ಡುಮಿಲೆ, ಮೊದಲು ತಮ್ಮ ಸಬ್‌ರಾಕ್‌ನೊಡನೆ ಕೆ.ಎಂ.ಡಿ. ತಂಡದಲ್ಲಿ ಬರಿಮುಖದಲ್ಲೇ ಹಾಡುತ್ತಿದ್ದ. 1993ರಲ್ಲಿ ಕಾರು ಬಡಿದು ಸಬ್‌ರಾಕ್ ಸತ್ತ. ಮರುವರ್ಷ ಅವರ ಎರಡನೆಯ ಆಲ್ಬಮ್ಮನ್ನು ಎಲೆಕ್ಟ್ರಾ ಎಂಬ ಸಂಗೀತ ಕಂಪನಿ ಬಿಡುಗಡೆಗೆ ಮುನ್ನವೇ ಕೈಬಿಟ್ಟಿತು. ತಕರಾರು ಎದ್ದದ್ದು ಹೊದಿಕೆಯ ಚಿತ್ರಕ್ಕೆ. ಕಪ್ಪು ಜನರನ್ನು ಗೇಲಿಮಾಡಲು ಬಿಳಿಯರು ತಲೆಮಾರುಗಳಿಂದ ಬಳಸುತ್ತ ಬಂದ 'ಸ್ಯಾಂಬೊ' ಎಂಬ ದಪ್ಪತುಟಿಯ ಬೊಂಬೆಯನ್ನು, ಮಕ್ಕಳು ಕಾಗದದ ಮೇಲೆ ಅಕ್ಷರ ಊಹಿಸುತ್ತ ಆಡುವ 'ಹ್ಯಾಂಗ್‌ಮನ್' ಆಟದಂತೆ ಅಲ್ಲಿ ನೇಣಿಗೇರಿಸಲಾಗಿತ್ತು. ಗೇಲಿಯನ್ನು ಗಲ್ಲಿಗೇರಿಸಿದವನೇ ಅಪರಾಧಿಯಾದ.

ಆಮೇಲೆ ಕೆಲವು ವರ್ಷ ಅವನ ಸುದ್ದಿಯೇ ಇರಲಿಲ್ಲ. ಮತ್ತೆ ಮ್ಯಾನ್‌ಹಟನ್ನಿನಲ್ಲಿ, ಪೋರ್ಟೊರಿಕನ್ ಕವಿಗಳು ಕಟ್ಟಿದ ನ್ಯೂಯೊರಿಕನ್ ಪೊಯೆಟ್ಸ್ ಕೆಫೆಯಲ್ಲಿ ಮೈಕು ಹಿಡಿದಾಗ, ಹೆಂಗಸರ ತೆಳು ಕಾಲುಚೀಲವೊಂದನ್ನು ಮುಖದ ಮೇಲೆ ಎಳೆದುಕೊಂಡಿದ್ದ. ಲೋಹದ ಮುಖವಾಡ ಬಂದದ್ದು ಅದರ ನಂತರ. ತನ್ನ ಜನರ ಮುಖವನ್ನು ಇತರರು ಬರೆದ ರೀತಿಯನ್ನು ಪ್ರಶ್ನಿಸಿ ಬೀದಿಪಾಲಾದವನು ತನ್ನ ಮುಖವನ್ನೇ ಮಾರುಕಟ್ಟೆಗೆ ಕೊಡದೆ ಬಚ್ಚಿಟ್ಟುಕೊಂಡ ಎಂದೇ ನಾನು ತಿಳಿದಿದ್ದೇನೆ. (2010ರಲ್ಲಿ ಯುರೋಪಿನ ಪ್ರವಾಸ ಮುಗಿಸಿ ಹಿಂತಿರುಗಿದಾಗ, ಅಮೆರಿಕದ ಪೌರನಲ್ಲದ ಅವನನ್ನು ಆ ದೇಶ ಒಳಗೆ ಬಿಟ್ಟುಕೊಳ್ಳಲಿಲ್ಲ. ವಲಸೆ ಅಧಿಕಾರಿಯ ಮುಂದೆ ಯಾವ ಮುಖವಾಡ ತಾನೇ ನಡೆದೀತು!)

ಮಿನಿಯಾಪೊಲಿಸ್‌ನ ರ‍್ಯಾಪರ್ ಬ್ರದರ್ ಅಲಿಯದು ಇದಕ್ಕೆ ತಿರುವುಮುರುವು. ಬಿಳಿಯ ತಂದೆತಾಯಿಗೆ ಹುಟ್ಟಿದ ಆತ ಆಲ್ಬಿನೊ, ಎಂದರೆ ಚರ್ಮಕ್ಕೂ ಕೂದಲಿಗೂ ಹುಟ್ಟಿನಿಂದಲೇ ಬಣ್ಣವಿಲ್ಲ. ಹದಿಹರೆಯದಲ್ಲೇ ಇಸ್ಲಾಮಿಗೆ ಸೇರಿದವನು. ಅವನ ದನಿ ಕೇಳಿದ ಎಷ್ಟೋ ಮಂದಿ ಕಪ್ಪು ಮನುಷ್ಯನೇ ಇರಬೇಕೆಂದುಕೊಂಡರು. ಮೊದಮೊದಲು ಆ ಪ್ರಶ್ನೆಗೆ ಜಾರಿಕೊಳ್ಳುತ್ತಿದ್ದವನು, ಮುಂದೆ ತಾನು ಬಿಳಿಯನೆಂದೂ ಅದರಿಂದ ತನಗೆ ದಕ್ಕುವ ಸವಲತ್ತು ಇಂಥದೆಂದೂ ಬಿಚ್ಚಿ ಮಾತಾಡಿದ. ದನಿಯಷ್ಟೇ ಸಾಕೆಂದಿದ್ದರೆ ಆ ತಪ್ಪು ತಿಳಿವಳಿಕೆಯ ನೆರಳಲ್ಲಿ ಆತ ಹಾಯಾಗಿ ಇದ್ದುಬಿಡಬಹುದಿತ್ತಲ್ಲ?

ಕೈಬಿಟ್ಟ ಆ ಆಲ್ಬಮ್ಮಿನ ಹೊದಿಕೆಯನ್ನು ಇದರೊಡನೆ ಕಳಿಸುತ್ತಿದ್ದೇನೆ. ಇಯರ್‌ಫೋನ್ ತೆಗೆದಿಟ್ಟು ಒಮ್ಮೆ ನೋಡು, ಆಮೇಲೆ ಬರೆ.

ನಿನ್ನವ